ಒಳಗೆ ಬಿಟ್ಟ ಚಪ್ಪಲಿಗಳು

ಅಕ್ಕಾ, ನನ್ನ ಜಗಳಗಂಟಿ ಅಕ್ಕಾ,

ನಮ್ಮ ಟ್ಯೂಷನ್ನಿಗೆ ಫೇಸ್‌ಬುಕ್ ಪೇಜ್ ಮಾಡಿದ ದಿನ ನೆನಪಿದೆಯಾ? ಬಾಗಲಗುಂಟೆಯ ನಮ್ಮ ಮನೆ ಹಜಾರದಲ್ಲಿ ನೀನು ಎಸ್ಸೆಸ್ಸೆಲ್ಸಿ ಫೇಲಾದ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದೆ. ಫ್ಲೆಕ್ಸ್ ಅಂಗಡಿಯಲ್ಲಿ ಕಂಡಕಂಡವರ ಹುಟ್ಟುಹಬ್ಬಕ್ಕೆಲ್ಲ ಸಾಲು ಹೊಸೆಯುವ ನಾನು ಅಕ್ಕನಿಗೆ ಬರೆಯಲಾರೆನೇ ಎಂಬ ಜಂಬ ನನಗೆ. "ಸೋತವರೇ, ಎದ್ದೇಳಿ! ನಿಮ್ಮ ಗೆಲುವು ಇಲ್ಲಿಂದಲೇ ಶುರು!" ಎಂದು ಬರೆದು ತೋರಿಸಿದೆ. ನೀನು ಕನ್ನಡಕ ಮೇಲೇರಿಸಿ, "ಲೋ, ಇದೇನು ಎಲೆಕ್ಷನ್ ಭಾಷಣಾನಾ? ಕೂತು ಹೇಳಿಕೊಡ್ತೀವಿ ಅಂತ ಬರಿ, ಸಾಕು" ಅಂದೆ. ನಿನ್ನ ಮಾತೇ ಹೋಯಿತು ಪೇಜಿಗೆ.

ಸವಿತಾ ಪಾಸಾಗಿ ಸ್ವೀಟ್ ಬಾಕ್ಸ್ ತಂದ ಸಂಜೆ? ಮುಂದಿನ ರಸ್ತೆಯ ಕೋಚಿಂಗ್ ಸೆಂಟರಿನವರು ರ‍್ಯಾಂಕ್ ಬಂದವರ ಮುಖಗಳನ್ನು ಬೋರ್ಡಿನ ತುಂಬ ಹಾಕಿಕೊಂಡಿದ್ದರು. ನಮಗೂ ಒಂದು ಮುಖ ಬೇಕಿತ್ತು. ನಾನು ಫೋನ್ ಎತ್ತಿದ್ದೇ ತಡ, ಅವಳು ವೇಲಿನಿಂದ ಮುಖ ಮುಚ್ಚಿಕೊಂಡಳು. "ಬೇಡ ಅಣ್ಣ, ಪ್ಲೀಸ್. ನಾನು ಫೇಲಾಗಿದ್ದು ನಮ್ಮತ್ತೆಗೆ ಗೊತ್ತಿಲ್ಲ. ಅವ್ರು ದಿನಾ ಫೇಸ್‌ಬುಕ್ಕಲ್ಲೇ ಇರ್ತಾರೆ." ನೀನು ನನ್ನ ಕೈಯಿಂದ ಫೋನ್ ಕಿತ್ತುಕೊಂಡೆ. ಮಕ್ಕಳ ಚಪ್ಪಲಿಯನ್ನೂ ಹೊರಗೆ ಬಿಡಗೊಡದವಳು ನೀನು. ದಾರಿಹೋಕರು ಯಾರದೆಂದು ಗುರುತು ಹಿಡಿದಾರೆಂದು ಹಜಾರದ ಮೂಲೆಯಲ್ಲಿ ಹಳೇ ಪೇಪರ್ ಹಾಸಿ ಅದರ ಮೇಲೆ ಬಿಡಿಸುತ್ತಿದ್ದೆ. ಮನೆಯೊಳಗೆ ಚಪ್ಪಲಿಯೇ ಎಂದು ನೆಂಟರು ಮೂಗು ಮುರಿದರು. ಮುಖವಿಲ್ಲದ ಜಾಹೀರಾತನ್ನು ಯಾರು ನಂಬುತ್ತಾರೆ ಎಂದು ನಾನು ಗೊಣಗುತ್ತಿದ್ದೆ.

ಆಸ್ಪತ್ರೆಗೆ ಹೋದ ನೀನು ವಾಪಸ್ ಬರಲಿಲ್ಲ. ನೀನು ಹೋದ ಮರುದಿನ ಬೆಳಗ್ಗೆ ಪೇಜ್ ತೆರೆದು ಕೂತೆ. ಊರವರ ಶ್ರದ್ಧಾಂಜಲಿಗೆ ಅದೆಷ್ಟು ಸಾಲು ಬರೆದಿದ್ದೆನೋ, ನಿನಗೆ ಒಂದೂ ಹೊಳೆಯಲಿಲ್ಲ. "ನಮ್ಮಕ್ಕ ಹೋಗಿಬಿಟ್ಟಳು. ಇನ್ನು ಟ್ಯೂಷನ್ ಇರುವುದಿಲ್ಲ." ಅಷ್ಟೇ. ಅದರ ಕೆಳಗೆ ಮೊದಲು ಬರೆದವರು ಯಾರು ಗೊತ್ತಾ? ಸವಿತಾ! ಸ್ವಂತ ಹೆಸರಿನಲ್ಲಿ: "ನಾನು ಮ್ಯಾಥ್ಸಲ್ಲಿ ಫೇಲಾಗಿದ್ದೆ. ಮಿಸ್ ಪಕ್ಕದಲ್ಲೇ ಕೂತು ಹೇಳಿಕೊಟ್ರು." ಅವಳ ಹಿಂದೆ ಇನ್ನೊಬ್ಬ, ಮತ್ತೊಬ್ಬಳು. "ನಾನೂ ಫೇಲಾಗಿದ್ದೆ." "ನಾನೂ." ಸವಿತಾಳ ಅತ್ತೆಯೂ ಕೈಮುಗಿದ ಗುರುತು ಹಾಕಿದ್ದರು ಕಣಕ್ಕ. ನಗುತ್ತಲೇ ಗೊಳೋ ಎಂದು ಅತ್ತುಬಿಟ್ಟೆ. ನೀನಿದ್ದಾಗ ಒಬ್ಬರಾದರೂ ಇದನ್ನು ಬರೆದಿದ್ದರೆ...

ನಮ್ಮ ಅಂಗಡಿ ಓನರ್ ಬಂದು, "ಅದನ್ನೇ ದೊಡ್ಡ ಬೋರ್ಡ್ ಹೊಡ್ಸು ಗುರು, ಇದಕ್ಕಿಂತ ಪಬ್ಲಿಸಿಟಿ ಬೇಕಾ?" ಅಂದರು. ಬೇಡ ಅಂದೆ. ನಿನಗೆಂದು ಅತ್ತದ್ದನ್ನು ನಾನು ಹೇಗೆ ಮಾರಲಿ? ಆದರೆ ಈಗ ಬಿ.ಎಡ್. ಮುಗಿಸಿರುವ ಸವಿತಾ ಬಂದು, ತಾನೇ ಪಾಠ ಮುಂದುವರಿಸುತ್ತೇನೆಂದು ಹಜಾರದ ಕೀ ಕೇಳಿದಾಗ ಇಲ್ಲ ಅನ್ನಲಾಗಲಿಲ್ಲ. ಪೇಜಿನಲ್ಲಿ ಮತ್ತೆ ನಿನ್ನ ಅದೇ ಸಾಲು ಹಾಕಿದೆ.

ನಿನ್ನೆ ಮೊದಲ ಕ್ಲಾಸು. ನಾನು ಮೂಲೆಯಲ್ಲಿ ಪೇಪರ್ ಹಾಸಿದ್ದೆ, ಮಕ್ಕಳು ತಲೆ ತಗ್ಗಿಸಿಕೊಂಡು ಬಂದು ಚಪ್ಪಲಿಯನ್ನು ಒಳಗೇ ಬಿಟ್ಟವು. ಸವಿತಾ ಮಾತ್ರ ತನ್ನದನ್ನು ಬೀದಿಗೆ ಕಾಣುವಂತೆ ಮೆಟ್ಟಿಲ ಮೇಲೆ ಬಿಟ್ಟಳು. "ಒಳಗೆ ಬಿಡಮ್ಮ" ಅಂದೆ. "ನನ್ನದು ಕಾಣ್ಲಿ ಬಿಡಿ ಅಣ್ಣ" ಅಂದಳು.

ಉಳಿದವರಿಗೆ ನಾನು ದಿನಾ ಪೇಪರ್ ಹಾಸುತ್ತೇನೆ ಅಕ್ಕ, ಹೊರಗೇ ಬಿಡುತ್ತೇವೆ ಎಂದು ಅವರೇ ಹೇಳುವವರೆಗೆ.

ನಿನ್ನ ತಮ್ಮ