ಮೂರು ಸಲ ಕೂಗುವ ಹೆಸರು

ಬೀರ್ ಅಲ್-ಲೌಝ್
೧೮ ಫೆಬ್ರವರಿ ೨೦೨೪, ಭಾನುವಾರ

ಪ್ರೀತಿಯ ತಮ್ಮ ಹೈಸಮ್,

ಹೇಗಿದ್ದೀಯ? ಮೊಣಕಾಲು ಈಗಲೂ ಚಳಿಗೆ ಹಿಡಿದುಕೊಳ್ಳುತ್ತದೆಯೇ? ಲಾರಿಯ ಕ್ಲಚ್ ತುಳಿದೂ ತುಳಿದೂ ಎಡಗಾಲು ಕೆಟ್ಟುಹೋಯಿತು ಎಂದು ನೀನು ಗೊಣಗುತ್ತಿದ್ದುದು ನೆನಪಿದೆ. ಕ್ಷೇಮ ವಿಚಾರಿಸದೆ ಪತ್ರ ಶುರು ಮಾಡಬಾರದು ಎಂದು ಅಪ್ಪ ಕಲಿಸಿದ್ದ, ಅದಕ್ಕೆ ವಿಚಾರಿಸಿದ್ದೇನೆ. ಹನ್ನೆರಡು ವರ್ಷದ ಹಿಂದೆ ಟೊಮೆಟೊ ಲೋಡು ತುಂಬಿಕೊಂಡು ಗಡಿ ದಾಟಿದವನು ನೀನು. ಲಾರಿ ಸಿಕ್ಕಿತು, ನೀನು ಸಿಗಲಿಲ್ಲ. ಹಾಗಾಗಿ ಈ ಲಕೋಟೆಯ ಮೇಲೆ ವಿಳಾಸ ಬರೆಯುವ ಕೆಲಸ ನನಗಿಲ್ಲ.

ಇಲ್ಲಿ ಅಮ್ಮ ಚೆನ್ನಾಗಿದ್ದಾಳೆ. ಸಕ್ಕರೆ ಕಾಯಿಲೆ ಇದ್ದರೂ ಹಲ್ವದ ಡಬ್ಬಿಯನ್ನು ದಿಂಬಿನ ಹಿಂದೆ ಇಟ್ಟುಕೊಳ್ಳುತ್ತಾಳೆ. ಕೇಳಿದರೆ "ನನ್ನ ಸಕ್ಕರೆ ನಾನು ನೋಡ್ಕೋತೀನಿ, ನಿನ್ನ ಕೋರ್ಟು ನೀನು ನೋಡ್ಕೋ" ಅನ್ನುತ್ತಾಳೆ. ನಿನ್ನ ಮಗಳು ಜೂದ್ ನನ್ನ ಭುಜದವರೆಗೆ ಬೆಳೆದಿದ್ದಾಳೆ. ನೀನು ಹೋದಾಗ ಅವಳಿಗೆ ನಲವತ್ತು ದಿನ. ನಡಿಗೆ ನಿನ್ನದೇ, ಹೆಗಲು ಮುಂದೆ ಬಾಗಿಸಿಕೊಂಡು. ನನಗೆ ಏನೂ ಆಗಿಲ್ಲ. ಬೆಳಿಗ್ಗೆ ಏಳುತ್ತೇನೆ, ಬೀಗದ ಕೈ ತೆಗೆದುಕೊಂಡು ಕೋರ್ಟಿಗೆ ಹೋಗುತ್ತೇನೆ, ದಾಖಲೆ ಕೋಣೆ ತೆರೆಯುತ್ತೇನೆ, ಮುಚ್ಚುತ್ತೇನೆ. ಸುಖ ಅನ್ನಿಸುವುದಿಲ್ಲ, ದುಃಖವೂ ಅನ್ನಿಸುವುದಿಲ್ಲ. ಹಲ್ಲು ಕೀಳಿಸಿಕೊಂಡು ಬಂದ ದಿನ ದವಡೆ ಮುಟ್ಟಿ ನೋಡಿಕೊಂಡರೆ ಅದು ಬೇರೆ ಯಾರದ್ದೋ ಅನ್ನಿಸುತ್ತದಲ್ಲ, ಹಾಗಿದ್ದೇನೆ.

ಇನ್ನು ಸುದ್ದಿ. ರಾಜಧಾನಿಯಿಂದ ಮೂವರು ಬಂದು ನಮ್ಮ ಕೋರ್ಟಿನ ಕೆಲಸವನ್ನು ಅಳೆಯುತ್ತಿದ್ದಾರೆ. ಒಂದು ಕೇಸು ಮುಗಿಯಲು ಎಷ್ಟು ದಿನ, ಎಷ್ಟು ಸಲ ತಾರೀಖು ಮುಂದಕ್ಕೆ ಹೋಗುತ್ತದೆ, ಯಾಕೆ ಹೋಗುತ್ತದೆ, ಬಂದ ಜನಕ್ಕೆ ಕೂರಲು ಜಾಗ ಇದೆಯೇ, ಎಲ್ಲ ಬರೆದುಕೊಳ್ಳುತ್ತಾರೆ. ಶಿಕ್ಷೆ ಕೊಡಲು ಬಂದಿಲ್ಲ, ನಮ್ಮ ಹುಳುಕು ನಮಗೇ ತೋರಿಸಿ ಸರಿಮಾಡಿಕೊಳ್ಳಲು ನೆರವಾಗುತ್ತೇವೆ ಅನ್ನುತ್ತಾರೆ. ಅವರ ಮುಂದಾಳು ಲುಬ್ನಾ ಎಂಬ ಹೆಂಗಸು, ನನ್ನ ವಯಸ್ಸಿನವಳೇ, ಮಾತು ಕಡಿಮೆ. ನ್ಯಾಯಾಧೀಶರು ಅವಸರದಲ್ಲಿ ಪಡಸಾಲೆಗೆ ಸುಣ್ಣ ಹೊಡೆಸಿದರು, ಈಗ ಕಾಯುವವರೆಲ್ಲರ ಬೆನ್ನೂ ಬಿಳಿ. ಬಾಗಿಲಲ್ಲಿ ನಿಂತು ಹೆಸರು ಕೂಗುವ ಅಬು ದಿಯಾಬ್‌ಗೆ ಮಾತ್ರ ಸಿಟ್ಟು. "ಇಪ್ಪತ್ತಾರು ವರ್ಷದಿಂದ ಕೂಗ್ತಾ ಇದೀನಿ, ಈಗ ಬಂದು ನನ್ನ ಗಂಟಲು ಅಳೀತಾರಂತೆ" ಎಂದು ಎಲ್ಲರ ಮುಂದೆ ಹೇಳಿಕೊಂಡು ತಿರುಗುತ್ತಾನೆ, ಆದರೆ ಬೂಟಿಗೆ ಪಾಲಿಶ್ ಹಾಕಿಕೊಂಡು ಬರುತ್ತಾನೆ.

ನಿನ್ನ ಕೇಸಿನ ವಿಷಯ ನಿನಗೆ ಗೊತ್ತಿರಲಾರದು, ಹೇಳುತ್ತೇನೆ. ಗಂಡ ಕಾಣೆಯಾಗಿ ನಾಲ್ಕು ವರ್ಷ ಕಳೆದರೆ, ಅವನು ತೀರಿಕೊಂಡಿದ್ದಾನೆಂದು ತೀರ್ಪು ಕೊಡಿ ಎಂದು ಹೆಂಡತಿ ಕೇಳಬಹುದು. ನಿನ್ನ ರಬಾಬ್ ಕೇಳಿದಳು. ಅದಕ್ಕೆ ಈಗ ಎಂಟು ವರ್ಷ. ನಿನ್ನ ಹೆಸರು ಹಾಕಿ, ಬದುಕಿದ್ದರೆ ಹಾಜರಾಗು ಎಂದು ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು, ಅಚ್ಚಾದ ಆ ಪುಟ ಕಡತದಲ್ಲಿರಬೇಕು. ವಿಚಾರಣೆಯ ದಿನ ಅಬು ದಿಯಾಬ್ ಬಾಗಿಲಿಗೆ ಬಂದು ನಿನ್ನ ಹೆಸರನ್ನು ಮೂರು ಸಲ ಕೂಗಬೇಕು. ಯಾರೂ ಓಗೊಡದಿದ್ದರೆ, ಪುಟವೂ ಇದ್ದರೆ, ತೀರ್ಪು. ಅಬು ದಿಯಾಬ್ ಪ್ರತಿ ಸಲ ಕೂಗಿದ್ದಾನೆ. ಪುಟವೇ ಇರುವುದಿಲ್ಲ. ಐದು ಸಲ ಪ್ರಕಟಣೆ ಕೊಟ್ಟಿದ್ದಾಯಿತು, ಐದು ಸಲವೂ ಕಡತ ಬಿಚ್ಚಿದಾಗ ಪುಟ ಮಾಯ. "ನಮ್ಮ ಕೋರ್ಟಿನ ಇಲಿಗೂ ಪೇಪರ್ ಓದೋ ಚಟ" ಎಂದು ಅಬು ದಿಯಾಬ್ ನಗಿಸಿದ. ನ್ಯಾಯಾಧೀಶರು ಮುಂದಿನ ತಾರೀಖು ಕೊಡುತ್ತಾರೆ, ಅಷ್ಟರಲ್ಲಿ ಅವರಿಗೆ ವರ್ಗವಾಗುತ್ತದೆ. ಎರಡು ಸಲ ರಬಾಬ್ ಬೇಸತ್ತು ಬರಲೇ ಇಲ್ಲ, ಕೇಸು ವಜಾ ಆಯಿತು. ಮತ್ತೆ ಹಾಕಿದಳು. ಹೊಸದಾಗಿ ಹಾಕಿದರೆ ಹೊಸ ನಂಬರು ಬೀಳುತ್ತದೆ, ಕೇಸು ನಿನ್ನೆ ಮೊನ್ನೆ ಹುಟ್ಟಿದ್ದು ಅನ್ನಿಸುತ್ತದೆ. ನಮ್ಮಲ್ಲಿ ಹಳೆಯ ಕೇಸುಗಳೇ ಇಲ್ಲವೆಂದು ವರ್ಷ ವರ್ಷ ನಾವು ವರದಿ ಕಳಿಸುತ್ತಿದ್ದುದು ಹೀಗೆ. ಸುಳ್ಳು ಹೇಳುತ್ತಿದ್ದೇವೆ ಎಂದು ಯಾರಿಗೂ ಅನ್ನಿಸಿದ್ದಿಲ್ಲ.

ಅಮ್ಮ ಒಂದು ವಿಚಾರಣೆಯನ್ನೂ ತಪ್ಪಿಸುವುದಿಲ್ಲ. ಮಗಳು ನಾನು ಒಳಗೆ, ಸೊಸೆ ಹೊರಗೆ, ಅವಳು ನಡುವೆ ಪಡಸಾಲೆಯ ಬೆಂಚಿನ ಮೇಲೆ. ನಿನ್ನ ಹೆಸರು ಕೇಳಲು ಬರುತ್ತಾಳೆ. ಮನೆಯಲ್ಲಿ ನಾವು ಯಾರೂ ಅದನ್ನು ಗಟ್ಟಿಯಾಗಿ ಹೇಳುವುದಿಲ್ಲ ನೋಡು. "ಎರಡನೇ ಸಲ ಕೂಗಿದ ಮೇಲೆ ಸ್ವಲ್ಪ ತಡೀಪ್ಪ, ಗೇಟಿನ ಹತ್ರ ಇದ್ರೆ ಮೆಟ್ಟಿಲು ಹತ್ತಿ ಬರ್ಬೇಕಲ್ಲ" ಎಂದು ಒಮ್ಮೆ ಅಬು ದಿಯಾಬ್‌ನನ್ನು ಕೇಳಿಕೊಂಡಳು. ಅವತ್ತಿನಿಂದ ಅವನು ತಡೆಯುತ್ತಾನೆ. ಪಡಸಾಲೆಯಲ್ಲಿದ್ದವರೆಲ್ಲ ಮಾತು ನಿಲ್ಲಿಸಿ ಗೇಟಿನ ಕಡೆ ನೋಡುತ್ತಾರೆ, ಆಮೇಲೆ ಮೂರನೆಯದು.

ರಬಾಬ್‌ಗೆ ಈಗ ತೀರ್ಪು ಇಷ್ಟು ಯಾಕೆ ಬೇಕು ಎಂದು ನೀನು ಕೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಶಾಲೆಯ ಮೇಷ್ಟ್ರು ಜಲಾಲ್ ಅವಳನ್ನು ಮದುವೆಗೆ ಕೇಳಿದ್ದಾನೆ. ನಾಲ್ಕು ವರ್ಷದಿಂದ ಕಾಯುತ್ತಿದ್ದಾನೆ, ಮನೆಯೊಳಗೆ ಒಮ್ಮೆಯೂ ಕಾಲಿಟ್ಟವನಲ್ಲ. ಒಳ್ಳೆಯವನು. ತೀರ್ಪಾಗದೆ ಅವಳು ಹೂಂ ಅನ್ನುವಂತಿಲ್ಲ. ಅವಳಿಗೆ ಮೂವತ್ತೇಳು ಆಯಿತು. ಅವನನ್ನು ಕಂಡರೆ ನನಗೆ ಸಿಟ್ಟು ಬರಬೇಕಿತ್ತು. ಕಾದು ನೋಡಿದೆ, ಬರಲಿಲ್ಲ.

ಹೋದ ವಾರ ಲುಬ್ನಾ ನನ್ನ ಕೋಣೆಗೆ ಬಂದು ಕೂತಳು. ನಂಬರುಗಳ ಪಟ್ಟಿ ನೋಡಿ, "ಇಷ್ಟು ಎಳೇ ಕೇಸುಗಳಿರೋ ಕೋರ್ಟು ನಾನು ಎಲ್ಲೂ ನೋಡಿಲ್ಲ ನವಾಲ್, ಇದು ಹೇಗೆ?" ಎಂದಳು. ಸುಮ್ಮನಿರಬಹುದಿತ್ತು. ಯಾಕೆ ಬಾಯಿ ಬಿಟ್ಟೆನೋ ಇವತ್ತಿಗೂ ಗೊತ್ತಿಲ್ಲ. "ನಂಬರು ನೋಡ್ಬೇಡಿ, ಮೊದಲನೇ ಅರ್ಜಿ ಮೇಲಿನ ಮೊಹರು ನೋಡಿ" ಅಂದೆ. ಎರಡು ದಿನ ಕೂತು ಕಡತಗಳನ್ನೆಲ್ಲ ಬಿಚ್ಚಿಸಿ ಮೊಹರಿನ ತಾರೀಖು ಬರೆದುಕೊಂಡರು. ಅತಿ ಹಳೆಯ ಹತ್ತು ಕೇಸುಗಳ ಪಟ್ಟಿಯಲ್ಲಿ ಮೊದಲನೆಯದು ನಿನ್ನದು. ನನ್ನ ಮನೆಯ ವ್ಯಾಜ್ಯವಾದ್ದರಿಂದ ಆ ಕಡತ ನನ್ನ ಕೈಗೆ ಬರುವಂತಿಲ್ಲ, ಆದರೆ ಕಪಾಟಿಗೆ ಇರುವುದು ಒಂದೇ ಬೀಗದ ಕೈ. ಲುಬ್ನಾ ಪಟ್ಟಿ ನನ್ನ ಮುಂದಿಟ್ಟು, "ಒಂದೇ ಪುಟ ಐದು ಸಲ ಕಳೆದಿದೆ. ಯಾಕೆ?" ಎಂದಳು.

"ಕೋರ್ಟು ಅಂದ್ರೆ ಹೀಗೇ ಅಲ್ವಾ ಮೇಡಂ."

"ಎಲ್ಲಾ ಕೋರ್ಟಲ್ಲೂ ಇದನ್ನೇ ಹೇಳ್ತಾರೆ. ಅದಕ್ಕೇ 'ಕಾರಣ' ಅಂತ ಒಂದು ಕಾಲಂ ಇಟ್ಟಿದೀವಿ" ಎಂದು ಅದನ್ನು ಖಾಲಿ ಬಿಟ್ಟು ಹೋದಳು. ಮಂಗಳವಾರ ನಿನ್ನ ವಿಚಾರಣೆ, ಅಷ್ಟರೊಳಗೆ ತುಂಬಿಕೊಡಬೇಕು.

ಗೇಟಿನಲ್ಲಿ ಜನರಿಗೂ ಒಂದೊಂದು ಪ್ರಶ್ನೆಪತ್ರ ಕೊಟ್ಟಿದ್ದರು, ಹೆಸರು ಬರೆಯುವಂತಿಲ್ಲ. ಗುರುವಾರ ಅವನ್ನು ವಿಂಗಡಿಸುವ ಕೆಲಸ ನನಗೆ ಬಂತು. ತೃಪ್ತಿ ಇದ್ದವರದು ಒಂದು ಕಟ್ಟು, ಇಲ್ಲದವರದು ಒಂದು ಕಟ್ಟು. ನಡುವೆ ರಬಾಬ್‌ಳ ಅಕ್ಷರ ಬಂತು, ಎಡಕ್ಕೆ ವಾಲಿದ ಗುಂಡನೆಯ ಅಕ್ಷರ, ನಿನ್ನ ಲಾರಿಯ ಊಟದ ಡಬ್ಬಿಗೆ ಚೀಟಿ ಅಂಟಿಸುತ್ತಿದ್ದಳಲ್ಲ ಅದೇ. ಕಾಯಬೇಕಾಯಿತೇ ಎಂಬುದಕ್ಕೆ "ಅಭ್ಯಾಸವಾಗಿದೆ" ಎಂದು ಬರೆದಿದ್ದಳು. ನಿಮಗೆ ನೆರವಾದ ಸಿಬ್ಬಂದಿ ಯಾರು ಎಂಬುದಕ್ಕೆ ಹೀಗಿತ್ತು: "ದಾಖಲೆ ಕೋಣೆಯ ನವಾಲ್. ಅವರು ನನ್ನ ಗಂಡನ ಅಕ್ಕ. ತಾರೀಖು ಮುಂದೆ ಹೋದಾಗಲೆಲ್ಲ ಪರಿಮಳಕ್ಕೆ ಮರಮಿಯ ಎಲೆ ಹಾಕಿದ ಚಹಾ ಮಾಡಿಕೊಟ್ಟು ಸಮಾಧಾನ ಹೇಳಿದ್ದಾರೆ. ಅವರಿಲ್ಲದಿದ್ದರೆ ನಾನು ಎಂದೋ ಕೈಬಿಡುತ್ತಿದ್ದೆ." ಎರಡು ಸಲ ಓದಿದೆ. ತೃಪ್ತಿ ಇದ್ದವರ ಕಟ್ಟಿಗೆ ಸೇರಿಸಿದೆ. ಆಮೇಲೆ ಉಳಿದ ಅರವತ್ತು ಹಾಳೆಯನ್ನೂ ವಿಂಗಡಿಸಿ ಮುಗಿಸಿದೆ.

ಪತ್ರ ಉದ್ದವಾಯಿತು. ಅಮ್ಮ ನಿನ್ನ ಹಣೆಗೆ ಮುತ್ತು ಕಳಿಸಿದ್ದಾಳೆ. ಜೂದ್ ನಿನಗೆ ಏನು ಹೇಳಿಕಳಿಸಬೇಕೆಂದು ತಿಳಿಯದೆ ಸಲಾಮ್ ಹೇಳಿದ್ದಾಳೆ. ಎಲ್ಲಿದ್ದರೂ ನಿನ್ನ ಬೆನ್ನಿಗೊಂದು ಗೋಡೆ, ತಲೆಯ ಮೇಲೊಂದು ಸೂರು ಇರಲಿ, ದೇವರು ಮೊಣಕಾಲಿಗೆ ಬಿಸಿಲು ಕೊಡಲಿ.

ನಿನ್ನ ಅಕ್ಕ,
ನವಾಲ್

ಮರೆತಿದ್ದೆ. ಆ ಐದು ಪುಟಗಳು ನಿನ್ನ ಕಂದು ಕೋಟಿನ ಒಳಜೇಬಿನಲ್ಲಿದ್ದವು. ವಿಚಾರಣೆಯ ಹಿಂದಿನ ದಿನ ಕಡತದಿಂದ ತೆಗೆಯುತ್ತಿದ್ದವಳು ನಾನೇ. ಅಮ್ಮನಿಗೋಸ್ಕರ ಅಂದುಕೊಂಡಿದ್ದೆ, ಅಮ್ಮ ಒಂದು ದಿನವೂ ಹಾಗೆ ಮಾಡು ಅಂದವಳಲ್ಲ. ನಿನ್ನನ್ನು ಸತ್ತವನೆಂದು ಬರೆಸಲು ನನಗೆ ಆಗಲಿಲ್ಲ, ಅಷ್ಟೇ. ಇವತ್ತು ಬೆಳಿಗ್ಗೆ, ಶುಕ್ರವಾರ ಶನಿವಾರದ ರಜೆ ಮುಗಿದು ಕೋರ್ಟು ತೆರೆದ ಕೂಡಲೇ, ಐದನ್ನೂ ಕಡತಕ್ಕೆ ಸೇರಿಸಿ ದಾರ ಕಟ್ಟಿ, ಕಾರಣದ ಕಾಲಂನಲ್ಲಿ ನನ್ನ ಪೂರ್ತಿ ಹೆಸರು ಬರೆದು, ಬೀಗದ ಕೈ ಸಮೇತ ಲುಬ್ನಾಗೆ ಕೊಟ್ಟೆ. ಸಂಜೆ ರಬಾಬ್‌ಗೆ ಹೇಳಬೇಕು. ಮಂಗಳವಾರ ಒಂಬತ್ತೂವರೆಗೆ ಅಬು ದಿಯಾಬ್ ನಿನ್ನ ಹೆಸರು ಕೂಗುತ್ತಾನೆ, ಇದು ಕೊನೆಯ ಸಲ. ಎರಡನೆಯದಾದ ಮೇಲೆ ಮೆಟ್ಟಿಲು ಹತ್ತುವಷ್ಟು ಹೊತ್ತು ತಡೆಯುತ್ತಾನೆ. ಬರುವುದಿದ್ದರೆ ಅಷ್ಟರೊಳಗೆ ಬಾ.