ಒಂದೇ ಲೋಟ ಹಾಲು

ಹಾನುಬಾಳು
೧೬-೧೧-೨೦೨೫, ಭಾನುವಾರ

ಪ್ರೀತಿಯ ಅತ್ತೆ,

ಮಂಡಿನೋವು ಹೇಗಿದೆ? ಎಣ್ಣೆ ಬಾಟಲಿಯನ್ನು ಸಿಟ್ಟಿನಲ್ಲಿ ಕಿಟಕಿ ಮೇಲೆಯೇ ಬಿಟ್ಟು ಹೋಗಿದ್ದೀರಿ, ಇವರ ಕೈಯಲ್ಲಿ ಕಳಿಸಿದ್ದೇನೆ. ಹೊಂಗಡಹಳ್ಳದ ಚಳಿಯಲ್ಲಿ ಬರೀ ಸೆರಗು ಹೊದ್ದು ಜಗಲಿಯಲ್ಲಿ ಕೂರಬೇಡಿ. ಫೋನ್ ಮಾಡಿದರೆ ನನ್ನ ದನಿ ಕೇಳುತ್ತಲೇ ಅದನ್ನು ನಿಮ್ಮ ಮಗಳ ಕೈಗೆ ದಾಟಿಸಿಬಿಡುತ್ತೀರಿ. ಈ ಕಾಗದವನ್ನಾದರೂ ಅತ್ತಿಗೆ ಕೈಲಿ ಓದಿಸಬೇಡಿ, ನೀವೇ ಓದಿ. ನಿಮಗೆ ಕಾಣಲಿ ಅಂತಲೇ ಅಕ್ಷರ ದಪ್ಪಗೆ ಬರೆದಿದ್ದೇನೆ. ಕೆಂದಿ ಚೆನ್ನಾಗಿದ್ದಾಳೆ, ಆದರೆ ನನ್ನ ಕೈಗೆ ಹಾಲು ಇಳಿಸುತ್ತಿಲ್ಲ. ನಿಮ್ಮ ಹಳೇ ಸೀರೆ ಸುತ್ತಿಕೊಂಡು ಕೂತರೆ ಒಂದಿಷ್ಟು ಕೊಡುತ್ತಾಳೆ. ಮೋಸ ಗೊತ್ತಾದ ದಿನ ಒದೆಯುತ್ತಾಳೆ.

ಮೊದಲೇ ಹೇಳಿಬಿಡುತ್ತೇನೆ, ಇದು ಕ್ಷಮೆ ಕೇಳುವ ಕಾಗದ ಅಲ್ಲ. ಪುಟ್ಟಿಗೆ ದಿನಕ್ಕೆ ಒಂದೇ ಲೋಟ ಹಾಲು. ನೀವು ಮಗಳ ಮನೆಯಲ್ಲಿ ವರ್ಷಗಟ್ಟಲೆ ಕೂತರೂ ಒಂದೇ.

ನೆನಪು ಮಾಡಿಕೊಳ್ಳಿ ಅತ್ತೆ. ಎದ್ದರೆ ಒಂದು ಲೋಟ, ಸ್ನಾನ ಆದರೆ ಒಂದು, ಅನ್ನ ಬೇಡ ಎಂದರೆ ಅನ್ನದ ಬದಲಿಗೆ ಒಂದು, ಅತ್ತರೆ ಒಂದು, ಮಲಗುವಾಗ ಮತ್ತೊಂದು. ಪ್ರತಿ ಸಲವೂ ಎದುರಿಗೆ ನಿಂತು "ಪೂರ್ತಿ ಕುಡ್ದು ತಳ ತೋರ್ಸು ಕಂದ" ಎನ್ನುತ್ತಿದ್ದಿರಿ, ಅವಳು ಲೋಟ ಬೋರಲು ಹಾಕಿ ತೋರಿಸಿ ನಗುತ್ತಿದ್ದಳು. ನಾನೂ ಬೇಡ ಅನ್ನಲಿಲ್ಲ. ಎರಡೂವರೆ ವರ್ಷದ ಮಗು ಮುದ್ದೆ ಮುಟ್ಟದಿದ್ದರೇನು, ಮನೆಯ ಹಸುವಿನ ಹಾಲು ಹೊಟ್ಟೆಗೆ ಹೋಗುತ್ತಿದೆಯಲ್ಲ ಎಂದುಕೊಂಡಿದ್ದೆ. ಬಾಳ್ಳುಪೇಟೆಯ ಮದುವೆಯಲ್ಲಿ "ಹಾಲಲ್ ತೊಳ್ದಂಗವ್ಳಲ್ಲೇ ನಿನ್ ಮೊಮ್ಮಗ್ಳು!" ಎಂದು ಹೆಂಗಸರೆಲ್ಲ ಕೆನ್ನೆ ಹಿಂಡಿದಾಗ, "ಎಲ್ಲಾ ನಮ್ ಕೆಂದಿ ಪುಣ್ಯ ಕಣವ್ವ" ಎಂದು ನೀವು ಬೀಗಿದಿರಿ, ಪಕ್ಕದಲ್ಲಿ ನಾನೂ ಬೀಗಿದೆ. ಮನೆಗೆ ಬಂದು ಇಬ್ಬರೂ ಸೇರಿ ದೃಷ್ಟಿ ತೆಗೆದೆವು.

ಆ ಬಿಳುಪು ಬಣ್ಣವಾಗಿರಲಿಲ್ಲ. ಗೋಡೆಯ ಸುಣ್ಣ ಕೆರೆದು ತಿನ್ನುತ್ತಿದ್ದಾಗಲೇ ನನಗೆ ಅನುಮಾನ ಬಂದಿತ್ತು. "ಪ್ರವೀಣ ಮಣ್ ತಿಂತಿದ್ದ, ಈಗ ಜೀಪ್ ಓಡ್ಸದಿಲ್ವಾ?" ಎಂದು ನಿಮ್ಮ ಮಗನನ್ನೇ ಸಾಕ್ಷಿಗೆ ಎಳೆದು ನೀವು ನನ್ನ ಬಾಯಿ ಮುಚ್ಚಿಸಿದಿರಿ. ನಮ್ಮ ಮನೆಯ ಏರಿನಲ್ಲಿ ನಾಲ್ಕು ಹೆಜ್ಜೆ ಹತ್ತಿ ಏದುಸಿರು ಬಿಡುತ್ತಾ ಕೂತುಬಿಟ್ಟ ದಿನ ನಾನು ಯಾರನ್ನೂ ಕೇಳದೆ ಎತ್ತಿಕೊಂಡು ಸಕಲೇಶಪುರಕ್ಕೆ ಹೋದೆ. ಡಾಕ್ಟರಮ್ಮ ಪುಟ್ಟಿಯ ಕೆಳರೆಪ್ಪೆ ಎಳೆದು ತೋರಿಸಿದರು. ಕೆಂಪಿರಬೇಕಾದ ಜಾಗ ಕಾಗದದ ಹಾಗಿತ್ತು. "ಮಗು ಬೆಳ್ಳಗಿಲ್ಲಮ್ಮ, ರಕ್ತ ಇಲ್ಲ" ಎಂದರು. ಹಾಲಿನಲ್ಲಿ ಕಬ್ಬಿಣದ ಅಂಶ ಇಲ್ಲವೆನ್ನುವಷ್ಟು ಕಡಿಮೆ; ಅದರಲ್ಲೇ ಹೊಟ್ಟೆ ತುಂಬಿಸಿದರೆ ರಕ್ತ ಕೊಡುವ ಊಟಕ್ಕೆ ಜಾಗವಿರುವುದಿಲ್ಲ, ತಿಂದ ಚೂರೂ ಸರಿಯಾಗಿ ಮೈಗೆ ಹತ್ತುವುದಿಲ್ಲ. ಮೂಳೆಗೆ, ಹಲ್ಲಿಗೆ ಹಾಲು ಬೇಕು, ನಾನೇನು ಬೇಡ ಅನ್ನುತ್ತಿಲ್ಲ. ಊಟದ ಜೊತೆಗೆ ಬೇಕು, ಊಟದ ಬದಲಿಗಲ್ಲ.

ಅದಕ್ಕೆ ನೀವು ಏನಂದಿರಿ? "ಬಿಎ ಓದ್ಬುಟ್ಟು ಹಸ ಮ್ಯಾಲೇ ದೂರು ಹೇಳ್ತೀಯಲ್ಲೇ!" ನನ್ನ ಕಣ್ಣು ತಪ್ಪಿಸಿ ನೀವು ಅವಳನ್ನು ಕೊಟ್ಟಿಗೆಯ ಹಿಂದೆ ಕರೆದೊಯ್ದು ಕುಡಿಸಿದಿರಿ. ಅದಕ್ಕೇ ಎರಡು ಹೊತ್ತಿನ ಹಾಲನ್ನೂ ಡೈರಿಗೆ ಹಾಕಿದೆ. ಕ್ಯಾನು ಹೊರಟಿದ್ದು ನೋಡಿ, "ಹಾಲಿದ್ದೂ ಹೆಣ್ಮಗೀಗೆ ಇಲ್ಲ ಅನ್ನೋ ಮನೇಲಿ ನಾನಿರಕಿಲ್ಲ" ಎಂದು ಚೀಲ ಹಿಡಿದುಕೊಂಡು ಹೊರಟಿರಿ.

ಆ ಮಾತಿನ ಹಿಂದಿನ ಕಥೆಯನ್ನು ಇವರು ಆಮೇಲೆ ಹೇಳಿದರು. ಇವರು ಚಿಕ್ಕವರಿದ್ದಾಗ ಹಾಲೆಲ್ಲ ಡೈರಿಗೆ ಹೋಗುತ್ತಿತ್ತಂತೆ. ಉಳಿದ ಗುಟುಕು ಗಂಡುಮಗನಿಗೆ. ಅತ್ತಿಗೆಗೆ ಬೆಲ್ಲದ ಕರಿಕಾಫಿ. ತಮ್ಮ ಕುಡಿದಿಟ್ಟ ಲೋಟದಲ್ಲಿ ಬೆರಳಾಡಿಸಿ ಚೀಪುತ್ತಿದ್ದರಂತೆ ಅವರು. ನಿಮಗೆ ಹಾಗೆ ಮಾಡಲು ಹೇಳಿದ ಹಿರಿಯರು ಈಗ ಯಾರೂ ಇಲ್ಲ. ನೆನಪು ಮಾತ್ರ ನಿಮ್ಮ ಪಾಲಿಗೆ ಉಳಿದಿದೆ. ಕೇಳಿ ತುಂಬಾ ಅತ್ತುಬಿಟ್ಟೆ. ಆದರೂ ಸೋಲುವುದಿಲ್ಲ ಅತ್ತೆ. ಅತ್ತಿಗೆಗೆ ಸೇರಬೇಕಿದ್ದ ಹಾಲನ್ನೆಲ್ಲ ನನ್ನ ಮಗಳಿಗೆ ಕುಡಿಸಿದರೆ ಅದು ಅತ್ತಿಗೆಯ ಹೊಟ್ಟೆಗೆ ಹೋಗುವುದಿಲ್ಲ. ನನ್ನ ಮಗಳ ರಕ್ತ ಮಾತ್ರ ಇಳಿಯುತ್ತದೆ.

ಮೊದಲ ದಿನಗಳಲ್ಲಿ ಪುಟ್ಟಿ "ಹಾಲು, ಅಜ್ಜಿ" ಎಂದು ಹಠ ಮಾಡಿ ನೆಲಕ್ಕೆ ತಲೆ ಚಚ್ಚಿಕೊಂಡಳು. ಆಮೇಲೆ ಹಸಿವು ತಾನಾಗಿ ಬಂತು. ಈಗ ನುಗ್ಗೆಸೊಪ್ಪಿನ ಸಾರಲ್ಲಿ ಮುದ್ದೆ ನುಂಗುತ್ತಾಳೆ, ಮೊಟ್ಟೆ ತಿನ್ನುತ್ತಾಳೆ. ಕುರಿಯ ಈಲಿ, ಅದೇ ಲಿವರ್, ಬೇಯಿಸಿ ಕಿವುಚಿ ಕೊಟ್ಟರೆ ಇನ್ನೂ ಬೇಕು ಅನ್ನುತ್ತಾಳೆ. ಡಾಕ್ಟರಮ್ಮ ಕೊಟ್ಟ ಕಬ್ಬಿಣದ ಟಾನಿಕ್ಕಿಗೆ ಹಲ್ಲು ಕಪ್ಪಾಗಿದೆ, ನಕ್ಕರೆ ಎಲೆ ಅಡಿಕೆ ಹಾಕಿದ ಮುದುಕಿಯ ಥರ, ಥೇಟ್ ನೀವೇ. ಸುಣ್ಣ ಕೆರೆಯುವುದು ನಿಂತಿದೆ. ನನಗೆ ಮಾತ್ರ ನಿದ್ದೆ ಹತ್ತುತ್ತಿಲ್ಲ. ಉಸಿರಾಡುತ್ತಿದ್ದಾಳಾ ಎಂದು ಎದೆ ಮೇಲೆ ಕೈ ಇಟ್ಟು ನೋಡುತ್ತಿರುತ್ತೇನೆ.

ಅತ್ತಿಗೆಗೂ ಅಣ್ಣನಿಗೂ ನನ್ನ ನಮಸ್ಕಾರ ತಿಳಿಸಿ. ನಿಮ್ಮ ಮೊಮ್ಮಗಳು ತಾನೇ ಪೆನ್ನು ಕಿತ್ತುಕೊಂಡು ಕೆಳಗೆ ಗೀಚಿದ್ದಾಳೆ. ಅದು ನೀವಂತೆ.

ಮಣಿಯದ, ಆದರೂ ನಿಮ್ಮವಳೇ ಆದ ಸೊಸೆ,
ಧನುಶ್ರೀ

ಮರೆತಿದ್ದೆ, ಇವರು ಜೀಪ್ ಸ್ಟಾರ್ಟ್ ಮಾಡಿ ಹಾರನ್ ಹೊಡೆಯುತ್ತಿದ್ದಾರೆ. ನಾಳೆ ಪುಟ್ಟಿಯ ರಕ್ತ ಮತ್ತೆ ಪರೀಕ್ಷೆ ಮಾಡಿಸಬೇಕು. ಸೂಜಿ ಕಂಡರೆ ಅವಳು ನಿಮ್ಮ ಮಡಿಲು ಬಿಟ್ಟು ಬೇರೆಲ್ಲೂ ನಿಲ್ಲುವುದಿಲ್ಲ. ನನ್ನ ಧೈರ್ಯವೂ ಇಷ್ಟು ಬರೆಯುವುದಕ್ಕೇ ಖರ್ಚಾಯಿತು. ಜೀಪಿನ ಮುಂದಿನ ಸೀಟು ಖಾಲಿ ಬರಬಾರದು. ನಾನು ಈ ಮನೆಗೆ ಬಂದಾಗಿನಿಂದ ನೀವು ಕರಿಕಾಫಿ ಬಿಟ್ಟು ಒಂದು ಗುಟುಕು ಹಾಲು ಕುಡಿದಿದ್ದನ್ನು ನೋಡಿಲ್ಲ. ಇವತ್ತು ಸಂಜೆಯ ಹಾಲು ಡೈರಿಗೆ ಹಾಕುವುದಿಲ್ಲ. ಒಂದು ಲೋಟ ಬಿಸಿ ಮಾಡಿ ಇಟ್ಟಿರುತ್ತೇನೆ, ನಿಮಗೆ. ಎದುರಿಗೇ ನಿಂತಿರುತ್ತೇನೆ. ಪೂರ್ತಿ ಕುಡಿದು ತಳ ತೋರಿಸಬೇಕು.