ಚಿತ್ರದಿಂದ ಅಳಿಸಿದ ಬಿಳಿ ಚಪ್ಪಲಿ

ತೈನಾನ್
ಏಪ್ರಿಲ್ ೧೪

ಮುನಿಸಿಕೊಂಡು ಕಡಲು ದಾಟಿದ ಛಾಯಾಗ್ರಾಹಕ ಮಹಾಶಯ ಆ-ಖುನ್‌ಗೆ,

ನಿನ್ನ ಹೆಂಡತಿಯೂ ಮದುವೆಯಾದಂದಿನಿಂದ ನಿನ್ನ ಫ್ಲ್ಯಾಶ್ ಹಿಡಿಯುವ ಕಂಬವೂ ಆದ ಗ್ವೆತೋಳ ಸವಿನಯ ನಮಸ್ಕಾರಗಳು. ಮೊದಲೇ ಒಂದು ಕಟ್ಟಪ್ಪಣೆ: ಈ ಪತ್ರವನ್ನು ಹಗಲಿನಲ್ಲೇ ಓದಬೇಕು. ಭಾವನವರ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು, ಬಿಸಿಲಿಗೆ ಹಿಡಿದು. ಅಕ್ಷರ ಇಷ್ಟು ದಪ್ಪ ಯಾಕೆ ಎಂದು ನಗಬೇಡ. ಪಕ್ಕದ ಮೀನಂಗಡಿಯವಳು ದರದ ಹಲಗೆ ಬರೆಯುವ ಪೆನ್ನನ್ನೇ ಎರವಲು ತಂದಿದ್ದೇನೆ. ಕಾಗದ ಮೀನಿನ ವಾಸನೆ ಹೊಡೆದರೆ ಅದು ನನ್ನದಲ್ಲ.

ಫೋನ್ ಆಫ್ ಮಾಡಿಕೊಂಡು ಪೆಂಘು ದ್ವೀಪದಲ್ಲಿ ಅಣ್ಣನ ಬೆನ್ನ ಹಿಂದೆ ಅಡಗಿದವನಿಗೆ ಅಂಚೆಯೇ ಗತಿ. ಭಾವನವರ ಬಾಯಲ್ಲಿ ನೀನು ಹೇಳಿಸಿದ ಮಾತು ತಲುಪಿತು: “ಕ್ಯಾಮೆರಾ ಮಾರಿಬಿಡು, ಅಂಗಡಿ ಮುಚ್ಚು.” ಯಾಕಪ್ಪಾ ಎಂದು ಅವರು ಕೇಳಿದ್ದಕ್ಕೆ, “ಗ್ವೆತೋಗೆ ನೆಟ್ಟಗೆ ಬೆಳಕು ಹಿಡಿಯೋಕೆ ಬರಲ್ಲ” ಅಂದೆಯಂತೆ. ಆಹಾ! ಈ ಊರಿನ ಅರ್ಧ ಮದುವೆಗಳ ಬಾಗಿಲಲ್ಲಿ, ಮದುವೆಗೆ ಮೊದಲೇ ತೆಗೆಸಿದ ಆಳೆತ್ತರದ ಚಿತ್ರಗಳು ನಿಂತಿವೆಯಲ್ಲ, ಅವುಗಳಲ್ಲೆಲ್ಲ ಮದುಮಗಳ ಲಂಗದ ಹಿಂದೆ ಕಪ್ಪೆಯ ಹಾಗೆ ಕುಕ್ಕರಗಾಲಲ್ಲಿ ಕೂತು ಅವಳ ಮುಸುಕಿಗೆ ಬೆಳಕು ಕೊಟ್ಟವಳು ಯಾರೋ ಬೇರೆಯವಳಿರಬೇಕು.

ಬೆಳಕನ್ನು ಕ್ಯಾಮೆರಾದ ನೆತ್ತಿಯ ಮೇಲೆ ಕೂರಿಸಿದರೆ ಮುಖ ತಟ್ಟೆಯಾಗುತ್ತದೆ, ದೂರ ಒಯ್ದು ಪಕ್ಕದಿಂದ ಕೊಟ್ಟರೆ ಮೂಗಿಗೆ ಮೂಗಿನ ಮರ್ಯಾದೆ, ಕೆನ್ನೆಗೆ ಕೆನ್ನೆಯ ಮರ್ಯಾದೆ ಎಂದು ನನಗೆ ಕಲಿಸಿದವನು ನೀನೇ. ಹಾಗೆ ಒಯ್ದವಳು ಮಾತ್ರ ಚಿತ್ರದಲ್ಲಿ ಕಾಣಬಾರದು. ಈ ಎರಡು ವರ್ಷದಿಂದ ಕಂಪ್ಯೂಟರಿನ ಮುಂದೆ ಕೂತು ನನ್ನನ್ನು ಅಳಿಸುವಾಗ ನೀನು ಗೊಣಗುವುದನ್ನು ಕೇಳಿ ಕೇಳಿ ಬಾಯಿಪಾಠವಾಗಿದೆ: “ಮತ್ತೆ ಇಣುಕಿದೆ ನೋಡು ಚಪ್ಪಲಿ! ಕತ್ತಲಲ್ಲಿ ಕೆಲಸ ಮಾಡೋಳು ಕಪ್ಪು ಚಪ್ಪಲಿ ಹಾಕೋಬಾರ್ದಾ? ಬೆಳ್ಳಕ್ಕಿ ಥರ ಬಿಳೀದೇ ಬೇಕಾ ನಿಂಗೆ?” ಬೆಳ್ಳಕ್ಕಿ ಮರುದಿನವೂ ಬಿಳಿಯದನ್ನೇ ಮೆಟ್ಟಿ ಹೊರಡುತ್ತಿತ್ತು.

ಈಗ ಮದುಮಗಳು ಪೇಶಾನಳ ವಿಷಯಕ್ಕೆ ಬರುತ್ತೇನೆ. ಪುಟ ತಿರುಗಿಸಿ ತಪ್ಪಿಸಿಕೊಳ್ಳಬೇಡ.

ಆ ಸಂಜೆ ಕಡಲ ದಂಡೆಯಲ್ಲಿ ಎಲ್ಲವೂ ನೀನು ಹೇಳಿದಂತೆಯೇ ಇತ್ತು. ಸೂರ್ಯ ಮುಳುಗಿ ಆಕಾಶದಲ್ಲಿ ಕೊನೆಯ ನೀಲಿ ಉಳಿದಿತ್ತು. ಮದುಮಗಳು ಬಾಡಿಗೆಯ ಬಿಳಿ ಉಡುಪಿನಲ್ಲಿ ನಡುಗುತ್ತಿದ್ದಳು. ನೀನು ಗಾಳಿ ತಡೆಯಲು ನೆಟ್ಟಿದ್ದ ಬಿದಿರಿನ ಗೂಟದ ಕಡೆ ತಿರುಗಿ, “ಮದುಮಗನೇ, ಸ್ವಲ್ಪ ಎಡಕ್ಕೆ ವಾಲಿ. ಯಾಕಿಷ್ಟು ಸೆಟ್ಕೊಂಡಿದ್ದೀರಿ? ನಗಿ ಸ್ವಾಮಿ!” ಅಂದೆ. ಮದುಮಗ ಇನ್ನೊಂದು ಬದಿಯಲ್ಲಿ ನಿಂತಿದ್ದ. ತಮಾಷೆ ಎಂದುಕೊಂಡು ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ಮುಸುಕಿನ ಹಿಂದೆ ಕೂತವಳ ಮುಖ ಯಾರಿಗೂ ಕಾಣಲಿಲ್ಲ, ಅಷ್ಟರಮಟ್ಟಿಗೆ ನನ್ನ ಉದ್ಯೋಗ ಅನುಕೂಲದ್ದು.

ಯಾವತ್ತೂ ನಾನು ಟಾರ್ಚ್ ಹಾಕಿ ಮದುಮಗಳ ಮುಖ ತೋರಿಸುತ್ತೇನೆ, ನೀನು ಫೋಕಸ್ ಕೂರಿಸುತ್ತೀಯ, ಟಾರ್ಚ್ ಆರಿದ ಮೇಲೆ ಫ್ಲ್ಯಾಶ್ ಮಿಂಚುತ್ತದೆ. ಅವತ್ತು ಮಾತ್ರ, “ಟಾರ್ಚ್ ಬೇಡ, ಕಣ್ಣಿಗೆ ಹೊಡೀತದೆ. ಅಂದಾಜಿನಲ್ಲೇ ಹೊಡೀತೀನಿ” ಎಂದು ಗದರಿದೆ. ಮರುದಿನ ಅಂಗಡಿಯಲ್ಲಿ ಚಿತ್ರ ನೋಡಿದ ಪೇಶಾನಳ ತಾಯಿ ಅಂದದ್ದು ನೆನಪಿದೆಯಲ್ಲ? “ಏನಯ್ಯಾ, ಮಗಳ ಫೋಟೋ ಕೇಳಿದ್ರೆ ಹಬೇಲಿ ಬೇಯ್ತಿರೋ ಬನ್ನಿನ ಫೋಟೋ ಕೊಟ್ಟಿದ್ದೀಯಲ್ಲ!” ನಂಟರಿಗೆ ಈ ಬನ್ನನ್ನು ತೋರಿಸಿ ಒಳಗೆ ಕರೆಯಬೇಕಾ ಎಂದು ಅವಳು, ಮೂಲೆಯಲ್ಲಿ ಅಳುತ್ತಾ ಮಗಳು.

ಆಗ ಆ ಮಹಾತಾಯಿಯ ಕಣ್ಣು ಫ್ಲ್ಯಾಶಿನ ಚೀಲಕ್ಕೆ ಕಟ್ಟಿದ್ದ ಜೋಳದ ಕುರುಕಲಿನ ಪೊಟ್ಟಣದ ಮೇಲೆ ಬಿತ್ತು. “ಅಯ್ಯಯ್ಯೋ, ಹಳದಿ! ಯಂತ್ರಕ್ಕೆ ಹಳದಿ ಪೊಟ್ಟಣ ಕಟ್ಟೋರುಂಟಾ? ಇನ್ನೇನಾಗ್ತದೆ ಮತ್ತೆ!” ಹಸಿರು ಪೊಟ್ಟಣ ಕಟ್ಟಿದರೆ ಯಂತ್ರ ಮಾತು ಕೇಳುತ್ತದೆ, ಹಳದಿ ಕಟ್ಟಿದರೆ ತಿರುಗಿ ಬೀಳುತ್ತದೆ, ತಿನ್ನುವ ಅವಧಿ ಮುಗಿದದ್ದಾದರೆ ಇದ್ದೂ ದಂಡ ಎಂಬ ನಮ್ಮೂರ ನಂಬಿಕೆಯನ್ನು ಬೀದಿಗೆಲ್ಲ ಉಪದೇಶ ಮಾಡುವವನು ನೀನು. ಅಂಥವನು ಅವತ್ತು ನನ್ನ ಕಡೆ ಕೈ ತೋರಿಸಿದೆ: “ಇವಳೇ ತಂದಿದ್ದು. ಬೆಳಕು ಹಿಡಿಯೋಕೂ ಬರಲ್ಲ, ಪೊಟ್ಟಣ ತರೋಕೂ ಬರಲ್ಲ.”

ನಾನು ತಲೆ ಬಾಗಿಸಿ ಕ್ಷಮೆ ಕೇಳಿದೆ. ಬರುವ ವಾರದ ಶನಿವಾರ ಮತ್ತೆ ತೆಗೆದುಕೊಡುತ್ತೇವೆ ಎಂದು ಮಾತು ಕೊಟ್ಟೆ.

ಆ-ಖುನ್, ಆ ಪೊಟ್ಟಣ ತಂದವನು ನೀನು. ಚಿತ್ರ ತೆಗೆಯುವ ಹಿಂದಿನ ದಿನ ಮುಸ್ಸಂಜೆಯಲ್ಲಿ ಮೂಲೆಯಂಗಡಿಯಿಂದ ಕೊಂಡು, ಬೀದಿ ದೀಪದ ಮಬ್ಬಿನಲ್ಲಿ ಎತ್ತಿ ಹಿಡಿದು, “ನೋಡೇ, ಪಚ್ಚೆ ಹಸಿರು!” ಎಂದು ಮಗುವಿನ ಹಾಗೆ ಹಿಗ್ಗುತ್ತಾ ಬಂದೆ. ಹಳದಿ ಎಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹೇಳಿದ್ದರೆ, ನಿನ್ನ ಕಣ್ಣಿನ ವಿಷಯ ನನಗೆ ತಿಳಿದಿದೆ ಎಂದು ನಿನಗೆ ಗೊತ್ತಾಗಿಬಿಡುತ್ತಿತ್ತು. ಅದಕ್ಕೇ ನನ್ನ ಕೈಯಾರೆ ಚೀಲಕ್ಕೆ ಕಟ್ಟಿದೆ.

ಬೈಗುಳ ತಿಂದದ್ದಕ್ಕೆ ನನಗೆ ಬೇಸರವಿಲ್ಲ ಎಂದರೆ ಸುಳ್ಳಾಗುತ್ತದೆ. ಬೇಸರವಿದೆ. ಅದಕ್ಕಿಂತ ದೊಡ್ಡದು ಹೆದರಿಕೆ. ಅಂದು ಬಾಗಿಲು ಹಾಕಿದ ಮೇಲೆ, “ಒಂದ್ಸಲ ಕಣ್ಣಿನ...” ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ನೀನು ಚೀಲಕ್ಕೆ ಬಟ್ಟೆ ತುಂಬತೊಡಗಿದ್ದೆ. ನಿನ್ನೆ ಭಾವನವರು ಫೋನಿನಲ್ಲಿ ಮೆಲ್ಲಗೆ ಅಂದರು: “ಅಪ್ಪಂಗೂ ಹೀಗೇ ಶುರುವಾಗಿದ್ದು ಕಣಮ್ಮ. ಮುಸ್ಸಂಜೇಲಿ ಎಡವ್ತಿದ್ರೆ ಕುಡಿದಿದ್ದಾನೆ ಅಂತಿದ್ರು ಜನ. ಆಮೇಲೆ ಹಗಲೂ ಹೋಯ್ತು.” ಮಾವನವರು ಹೊಸ್ತಿಲ ಮೇಲೆ ಕೂತು ಹೆಜ್ಜೆ ಸದ್ದಿನಿಂದಲೇ ಜನರ ಹೆಸರು ಹೇಳುತ್ತಿದ್ದದ್ದನ್ನು ನೀನು ನನಗೆ ಎಷ್ಟೋ ಸಲ ನಗುನಗುತ್ತಾ ಹೇಳಿದ್ದೀಯ. ಅದು ನಗುವ ಕಥೆ ಅಲ್ಲವೆಂದು ನಿನ್ನೆ ಅರ್ಥವಾಯಿತು.

ಮಂಗಳವಾರ ಬೆಳಿಗ್ಗೆ ಕಣ್ಣಿನ ಆಸ್ಪತ್ರೆಯಲ್ಲಿ ನಿನ್ನ ಹೆಸರು ಬರೆಸಿದ್ದೇನೆ. ವೈದ್ಯರು ಏನು ಹೇಳುತ್ತಾರೋ ನನಗೆ ಗೊತ್ತಿಲ್ಲ. ಎಲ್ಲ ಸರಿಹೋಗುತ್ತದೆ ಎಂದು ಬರೆಯಲು ಕೈ ಬರುತ್ತಿಲ್ಲ. ಆದರೆ ಏನೇ ಹೇಳಲಿ, ಇಬ್ಬರೂ ಕೂಡಿ ಕೇಳೋಣ.

ಶನಿವಾರದ್ದಕ್ಕೆ ನನ್ನದೊಂದು ಉಪಾಯವಿದೆ. ಕ್ಯಾಮೆರಾ ನನಗೆ, ಫ್ಲ್ಯಾಶ್ ನಿನಗೆ. ನಿನ್ನೆ ಸಂಜೆ ಮೀನಂಗಡಿಯವಳನ್ನು ಕಾಲುವೆಯ ಬದಿಯಲ್ಲಿ ನಿಲ್ಲಿಸಿ ಅಭ್ಯಾಸ ಮಾಡಿದೆ. ಫ್ಲ್ಯಾಶನ್ನು ಕಬ್ಬಿಣದ ಕಂಬಕ್ಕೆ ಸಿಕ್ಕಿಸಿ, ಬುಡಕ್ಕೆ ಮರಳಿನ ಚೀಲ ಹೇರಿದ್ದೆ. ಫೋಕಸ್ ನಿಚ್ಚಳವಾಗಿ ಕೂತಿತು. ಆದರೆ ಅವಳು ಕತ್ತು ಹೊರಳಿಸಿದಳು, ಕಂಬ ಹೊರಳಲಿಲ್ಲ. ಬೆಳಕೆಲ್ಲ ಅವಳ ಕಿವಿಗೆ ಬಿತ್ತು. ಅವಳು ನೋಡಿ, “ನನ್ನ ಕಿವಿ ಇಷ್ಟು ಚೆಂದ ಅಂತ ಗೊತ್ತಿರ್ಲಿಲ್ಲ ಕಣೇ, ಮುಖ ಯಾರ್ಗೆ ಮಾರಿದೆ?” ಅಂದಳು. ಕಂಬಕ್ಕೆ ಮಾತು ಕೇಳಿಸುವುದಿಲ್ಲ. ನಿನಗೆ ಕೇಳಿಸುತ್ತದೆ. “ಸ್ವಲ್ಪ ಮೇಲೆ, ಬಲಕ್ಕೆ, ಸಾಕು” ಎಂದು ನಾನು ಹೇಳುತ್ತಾ ಹೋಗುತ್ತೇನೆ, ನೀನು ಬೆಳಕು ತಿರುಗಿಸುತ್ತಾ ಹೋಗು. ಬೆಳಕು ಹಿಡಿಯುವವನಿಗೆ ಕತ್ತಲಲ್ಲಿ ಕಾಣಲೇಬೇಕೆಂದು ಯಾರು ಹೇಳಿದರು? ಲಂಗದ ಹಿಂದೆ ಕೂತ ನನಗೆ ಇಷ್ಟು ವರ್ಷ ಏನು ಕಂಡಿದೆ?

ಕ್ಯಾಮೆರಾ ಮಾರಿಲ್ಲ. ಸೋಮವಾರ ಸಂಜೆಯ ದೋಣಿಗೆ ಬಾ. ದಂಡೆಯಲ್ಲಿ ಕಾಯುತ್ತಿರುತ್ತೇನೆ.

ಬೈದರೂ ಹಿಡಿದ ಬೆಳಕು ಬಿಡದ,
ಗ್ವೆತೋ

ತಾ.ಕ.: ನನ್ನ ಹತ್ತಿರ ಕಪ್ಪು ಚಪ್ಪಲಿ ಇಲ್ಲದೆ ಇಲ್ಲ. ಹೋದವರ್ಷಕ್ಕೂ ಹಿಂದಿನ ಚಳಿಗಾಲದಲ್ಲಿ, ದೀಪಸ್ತಂಭದ ಬಂಡೆಗಳಿಂದ ಕತ್ತಲಲ್ಲಿ ಇಳಿಯುವಾಗ, ನೀನು ನನ್ನ ಹಿಂದೆ ಇದ್ದಕ್ಕಿದ್ದಂತೆ ನಿಂತುಬಿಟ್ಟೆ. ಎಷ್ಟು ಕರೆದರೂ ಕಾಲೆತ್ತಲಿಲ್ಲ. ಕಾಲು ಹಿಡಿದುಕೊಂಡಿದೆ ಅಂದೆ. ಮರುದಿನ ನಾನು ಸಂತೆಗೆ ಹೋಗಿ ಬಿಳಿ ಚಪ್ಪಲಿಯ ಒಂದು ಜೋಡಿ ಕೊಂಡು ತಂದೆ. ಅಂದಿನಿಂದ ನಾನು ಮುಂದೆ ನಡೆದೆ, ನೀನು ಒಮ್ಮೆಯೂ ಎಡವಲಿಲ್ಲ. ನೀನು ಅಳಿಸುತ್ತಾ ಹೋದೆ, ನಾನು ಹಾಕಿಕೊಳ್ಳುತ್ತಾ ಹೋದೆ. ಸೋಮವಾರ ದೋಣಿ ಬರುವ ಹೊತ್ತಿಗೆ ಕತ್ತಲಾಗಿರುತ್ತದೆ. ಇಳಿದ ಮೇಲೆ ತಲೆಯೆತ್ತಿ ನನ್ನನ್ನು ಹುಡುಕಬೇಡ. ಕೆಳಗೆ ನೋಡು.